ಸಮವಸ್ತ್ರವಿಲ್ಲದ ಸೇನಾ ನೌಕರಿ: ಪರೀಕ್ಷೆ ಎಷ್ಟು, ಸವಲತ್ತು ಯಾವುದು, ಅಗ್ನಿವೀರರ ಪಾಲು ಎಲ್ಲಿ?

ಯೋಧರನ್ನು 'ಅಗ್ನಿವೀರ'ರೆಂದು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುವ ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಪ್ರಕಟವಾಗುತ್ತಲೇ ದೇಶದ ಹಲವೆಡೆ ಯುವಕರು ಬೀದಿಗಿಳಿದರು. ನಾಲ್ಕು ದಿನ ಕಳೆದ ಮೇಲೆ ರಕ್ಷಣಾ ಸಚಿವಾಲಯ ಒಂದು ಭರವಸೆ ಕೊಟ್ಟಿತು. ನಾಲ್ಕು ವರ್ಷದ ಸೇವೆ ಮುಗಿಸಿ ಹೊರಬರುವ ಅಗ್ನಿವೀರರಿಗೆ ಕರಾವಳಿ ರಕ್ಷಣಾ ಪಡೆಯಲ್ಲಿ, ರಕ್ಷಣಾ ಇಲಾಖೆಯ ನಾಗರಿಕ ಹುದ್ದೆಗಳಲ್ಲಿ ಮತ್ತು 16 ರಕ್ಷಣಾ ಸಾರ್ವಜನಿಕ ಉದ್ಯಮಗಳಲ್ಲಿ ಶೇ 10ರಷ್ಟು ಮೀಸಲಾತಿ ಸಿಗುತ್ತದೆ ಎಂಬುದೇ ಆ ಭರವಸೆ. ಮೊದಲ ತಂಡ 2022ರ ಕೊನೆ ಮತ್ತು 2023ರ ಆರಂಭದಲ್ಲಿ ಸೇರಿದ್ದರಿಂದ, ಅದರ ಅವಧಿ 2026ರ ಕೊನೆಯಿಂದ 2027ರ ಆರಂಭದೊಳಗೆ ಮುಗಿಯುತ್ತದೆ. ಅಂದು ಕೊಟ್ಟ ಮಾತು ಅಧಿಸೂಚನೆಯ ಹುದ್ದೆಪಟ್ಟಿಯಾಗಿ ಬದಲಾಗಬೇಕಾದ ಕಾಲ ಅದು.

ಆದರೆ ಈ 'ನಾಗರಿಕ ಹುದ್ದೆಗಳು' ಯಾವುವು ಎಂಬ ವಿಷಯದಲ್ಲೇ ಗೊಂದಲವಿದೆ. ನೌಕಾಪಡೆ ಟ್ರೇಡ್ಸ್‌ಮನ್ ಮೇಟ್ (ಕುಶಲಕರ್ಮಿಗಳ ಸಹಾಯಕ) ಹುದ್ದೆಗೆ ಅರ್ಜಿ ಕರೆದರೆ 'ಸೇನೆಯಲ್ಲಿ ಭರ್ಜರಿ ನೇಮಕ' ಎಂಬ ತಲೆಬರಹ ಬರುತ್ತದೆ. ಓಡಬೇಕೆ, ಗಡಿಗೆ ಹೋಗಬೇಕೆ, ಯೋಧರಿಗೆ ಸಿಗುವ ಪಿಂಚಣಿ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಹುಟ್ಟುತ್ತವೆ. ಇವಕ್ಕೆಲ್ಲ ಒಂದೇ ಉತ್ತರವಿಲ್ಲ, ಏಕೆಂದರೆ ಈ ಹುದ್ದೆಗಳು ಒಂದೇ ಸೇವೆಗೆ ಸೇರಿದವಲ್ಲ.

ಸೇನೆಯೊಳಗಿನ ನಾಗರಿಕರು

ಬಂದೂಕು ಹಿಡಿಯುವವರ ಹಿಂದೆ ಅದನ್ನು ದುರಸ್ತಿ ಮಾಡುವವರು, ಅದರ ಲೆಕ್ಕ ಬರೆಯುವವರು, ಬ್ಯಾರಕ್ಕಿಗೆ ನೀರು ಮತ್ತು ವಿದ್ಯುತ್ ಒದಗಿಸುವವರು, ಮದ್ದುಗುಂಡಿನ ಡಿಪೊದಲ್ಲಿ ಬೆಂಕಿ ಬೀಳದಂತೆ ಕಾಯುವವರು ಇರುತ್ತಾರೆ. ಈ ಕೆಲಸಗಳ ಒಂದು ಪಾಲನ್ನು ಸಮವಸ್ತ್ರಧಾರಿಗಳೇ ಮಾಡುತ್ತಾರೆ, ಉಳಿದ ಪಾಲು ನಾಗರಿಕ ನೌಕರರದು. ಕಟ್ಟಡ ಮತ್ತು ವಿದ್ಯುತ್ ಕೆಲಸಕ್ಕೆ ಮಿಲಿಟರಿ ಎಂಜಿನಿಯರ್ ಸರ್ವಿಸಸ್ ಅಥವಾ ಎಂಇಎಸ್ ಇದೆ. ದಾಸ್ತಾನಿಗೆ ಆರ್ಮಿ ಆರ್ಡ್‌ನನ್ಸ್ ಕೋರ್‌ನ ಡಿಪೊಗಳಿವೆ, ದುರಸ್ತಿಗೆ ಬೆಂಗಳೂರಿನ 515 ಆರ್ಮಿ ಬೇಸ್ ವರ್ಕ್‌ಶಾಪ್‌ನಂಥ ಕಾರ್ಯಾಗಾರಗಳಿವೆ. ನೌಕಾಪಡೆಗೆ ಮುಂಬೈ ಮತ್ತು ವಿಶಾಖಪಟ್ಟಣದ ಡಾಕ್‌ಯಾರ್ಡ್‌ಗಳಿವೆ, ಕಾರವಾರದಲ್ಲಿ ಹಡಗು ದುರಸ್ತಿ ಯಾರ್ಡ್ ಇದೆ. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪ್ರಯೋಗಾಲಯಗಳು, ರಕ್ಷಣಾ ಲೆಕ್ಕಪತ್ರ ಇಲಾಖೆ, ದಂಡು ಪ್ರದೇಶದ ಭೂಮಿ ನೋಡಿಕೊಳ್ಳುವ ರಕ್ಷಣಾ ಎಸ್ಟೇಟ್ಸ್ ಇಲಾಖೆ ಕೂಡ ರಕ್ಷಣಾ ಸಚಿವಾಲಯದ ಅಡಿಯಲ್ಲೇ ಬರುತ್ತವೆ.

ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ನೌಕರರು ಈ ಗುಂಪಿಗೆ ಸೇರುವುದಿಲ್ಲ. ಅವು ಕಂಪನಿಗಳು. ಅವುಗಳ ನೇಮಕ, ವೇತನ ಒಪ್ಪಂದ, ಭವಿಷ್ಯನಿಧಿ ಎಲ್ಲವೂ ಬೇರೆ. ಮದ್ದುಗುಂಡು ಕಾರ್ಖಾನೆಗಳದ್ದು ಇವೆರಡರ ನಡುವಿನ ಸ್ಥಿತಿ. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಫ್ಯಾಕ್ಟರಿ ಮಂಡಳಿಯನ್ನು ಕೈಬಿಟ್ಟು ಅದರ 41 ಕಾರ್ಖಾನೆಗಳನ್ನು ಏಳು ಸರ್ಕಾರಿ ಕಂಪನಿಗಳಿಗೆ ಹಂಚಲಾಯಿತು. ಆಗ ಇದ್ದ ನೌಕರರು ಕೇಂದ್ರ ಸರ್ಕಾರದ ನೌಕರರಾಗಿಯೇ ಉಳಿದು ನಿಯೋಜನೆಯ ಮೇಲೆ ಕಂಪನಿಗೆ ಹೋದರು. ಹೊಸದಾಗಿ ಸೇರುವವರು ಕಂಪನಿಯ ನೌಕರರು. ಹೀಗಾಗಿ ಒಂದೇ ಯಂತ್ರದ ಮುಂದೆ ನಿಂತ ಇಬ್ಬರ ಸೇವಾನಿಯಮಗಳು ಬೇರೆ ಬೇರೆಯಾಗಿರುವುದು ಸಾಧ್ಯ.

ಒಂದೇ ಬಾಗಿಲಿಲ್ಲ

ಮೇಲಿನ ಹಂತದ ಪರೀಕ್ಷೆಗಳು ಪರಿಚಿತವಾದವೇ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಭಾರತೀಯ ರಕ್ಷಣಾ ಲೆಕ್ಕಪತ್ರ ಸೇವೆ ಮತ್ತು ರಕ್ಷಣಾ ಎಸ್ಟೇಟ್ಸ್ ಸೇವೆಗೆ ಅಧಿಕಾರಿಗಳು ಬರುತ್ತಾರೆ, ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ಮೂಲಕ ಎಂಇಎಸ್‌ಗೆ ಎಂಜಿನಿಯರುಗಳು ಬರುತ್ತಾರೆ. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯಿಂದ ರಕ್ಷಣಾ ಲೆಕ್ಕಪತ್ರ ಇಲಾಖೆಯ ಆಡಿಟರ್‌ಗಳು, ಜೂನಿಯರ್ ಎಂಜಿನಿಯರ್ ಪರೀಕ್ಷೆಯಿಂದ ಎಂಇಎಸ್‌ನ ಜೆಇಗಳು ಆಯ್ಕೆಯಾಗುತ್ತಾರೆ. ಡಿಆರ್‌ಡಿಒ ತನ್ನ ವಿಜ್ಞಾನಿಗಳನ್ನು ಸ್ವಂತ ನೇಮಕಾತಿ ಕೇಂದ್ರದ ಮೂಲಕ ಎಂಜಿನಿಯರಿಂಗ್ ಪದವೀಧರರು ಬರೆಯುವ ಗೇಟ್ ಪರೀಕ್ಷೆಯ ಅಂಕ ನೋಡಿ ಆರಿಸಿಕೊಳ್ಳುತ್ತದೆ, ತಾಂತ್ರಿಕ ಸಿಬ್ಬಂದಿಗೆ ಸೆಪ್ಟಮ್ ಎಂಬ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ.

ಕೆಳಗಿನ ಹಂತಕ್ಕೆ ಬಂದಾಗ ದಾರಿ ಕವಲೊಡೆಯುತ್ತದೆ. ಟ್ರೇಡ್ಸ್‌ಮನ್ ಮೇಟ್, ಫೈರ್‌ಮನ್, ಸ್ಟೋರ್ ಕೀಪರ್, ಚಾಲಕ, ಅಡುಗೆಯವ ಮುಂತಾದ ಗ್ರೂಪ್ ಸಿ ಹುದ್ದೆಗಳನ್ನು ಬಹುತೇಕ ಆಯಾ ಪಡೆ, ಕೋರ್ ಅಥವಾ ಘಟಕವೇ ತುಂಬುತ್ತದೆ. ಈ ಚದುರುವಿಕೆಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿದ್ದು ನೌಕಾಪಡೆ. ಅದು ನಡೆಸುವ ಇಂಡಿಯನ್ ನೇವಿ ಸಿವಿಲಿಯನ್ ಎಂಟ್ರೆನ್ಸ್ ಟೆಸ್ಟ್, ಅಂದರೆ ಇನ್ಸೆಟ್, ಬೇರೆ ಬೇರೆ ಕಮಾಂಡ್‌ಗಳ ಹುದ್ದೆಗಳನ್ನು ಒಂದೇ ಗಣಕೀಕೃತ ಪರೀಕ್ಷೆಗೆ ತರುತ್ತದೆ. ತಾರ್ಕಿಕ ಸಾಮರ್ಥ್ಯ, ಸಾಮಾನ್ಯ ಜ್ಞಾನ, ಗಣಿತ ಮತ್ತು ಇಂಗ್ಲಿಷ್ ಸೇರಿ ನೂರು ಪ್ರಶ್ನೆ, 90 ನಿಮಿಷ. 2023ರ ಮೊದಲ ಇನ್ಸೆಟ್‌ನಲ್ಲಿ 910 ಹುದ್ದೆಗಳಿದ್ದವು, ಅವುಗಳಲ್ಲಿ 610 ಟ್ರೇಡ್ಸ್‌ಮನ್ ಮೇಟ್ ಹುದ್ದೆಗಳು. ಇನ್ನೊಂದು ತುದಿಯಲ್ಲಿ, ಅಂಚೆ ಲಕೋಟೆಯಲ್ಲಿ ಅರ್ಜಿ ತರಿಸಿಕೊಂಡು ಬೆರಳೆಣಿಕೆಯ ಹುದ್ದೆಗಳಿಗೆ ತಾವೇ ಪರೀಕ್ಷೆ ನಡೆಸುವ ನೆಲೆಗಳೂ ಇವೆ. ಇಂಥ ಅಧಿಸೂಚನೆ ಅಚ್ಚಾಗುವ ಕೇಂದ್ರದ ಉದ್ಯೋಗ ವಾರಪತ್ರಿಕೆ ಇಂಗ್ಲಿಷ್, ಹಿಂದಿ, ಉರ್ದುವಿನಲ್ಲಿ ಮಾತ್ರ ಬರುತ್ತದೆ. ಹಳ್ಳಿಯ ಐಟಿಐ ವಿದ್ಯಾರ್ಥಿಗೆ ಸುದ್ದಿ ತಲುಪುವ ಹೊತ್ತಿಗೆ ಕೊನೆಯ ದಿನಾಂಕ ದಾಟಿರುತ್ತದೆ ಎಂಬ ದೂರು ಹುಟ್ಟುವುದು ಇಲ್ಲಿಂದಲೇ.

ದೈಹಿಕ ಪರೀಕ್ಷೆಯ ವಿಚಾರವೂ ಹುದ್ದೆಯನ್ನು ಅವಲಂಬಿಸಿದೆ. ಫೈರ್‌ಮನ್ ಆಗಬೇಕಾದವರು ಓಡಬೇಕು, ಭಾರ ಹೊರಬೇಕು. ಗುಮಾಸ್ತರಿಗೆ ಟೈಪಿಂಗ್ ಸಾಕು. ಸಂದರ್ಶನ ಮಾತ್ರ ಯಾವ ಗ್ರೂಪ್ ಸಿ ಹುದ್ದೆಗೂ ಇಲ್ಲ. 2016ರ ಜನವರಿ 1ರಿಂದ ಕೇಂದ್ರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಡಲಾಗಿದೆ. ಆದ್ದರಿಂದ 'ಸಂದರ್ಶನದಲ್ಲಿ ನೋಡಿಕೊಳ್ಳುತ್ತೇವೆ' ಎನ್ನುವ ದಲ್ಲಾಳಿ ಇಲ್ಲದ ಸರಕನ್ನು ಮಾರುತ್ತಿದ್ದಾನೆ ಎಂದೇ ಅರ್ಥ. 2024ರ ಜೂನ್ 21ರಂದು ಜಾರಿಗೆ ಬಂದ ಸಾರ್ವಜನಿಕ ಪರೀಕ್ಷೆಗಳ ಅಕ್ರಮ ತಡೆ ಕಾಯ್ದೆ ಯುಪಿಎಸ್‌ಸಿ ಮತ್ತು ಸಿಬ್ಬಂದಿ ನೇಮಕಾತಿ ಆಯೋಗದ ಜೊತೆಗೆ ಕೇಂದ್ರದ ಸಚಿವಾಲಯಗಳು ಹಾಗೂ ಅವುಗಳ ಅಧೀನ ಕಚೇರಿಗಳ ನೇಮಕಕ್ಕೂ ಅನ್ವಯಿಸುತ್ತದೆ. ಸಂಘಟಿತ ಅಕ್ರಮಕ್ಕೆ ಐದರಿಂದ ಹತ್ತು ವರ್ಷ ಸೆರೆವಾಸ ಮತ್ತು ಕನಿಷ್ಠ ಒಂದು ಕೋಟಿ ರೂಪಾಯಿ ದಂಡವಿದೆ.

ಕನ್ನಡ ಎಲ್ಲಿ ಸಿಗುತ್ತದೆ, ಎಲ್ಲಿ ಸಿಗುವುದಿಲ್ಲ

ಸಿಬ್ಬಂದಿ ನೇಮಕಾತಿ ಆಯೋಗ 2023ರಲ್ಲಿ ಬಹುಕಾರ್ಯ ಸಿಬ್ಬಂದಿ ಪರೀಕ್ಷೆಯನ್ನು ಹಿಂದಿ ಮತ್ತು ಇಂಗ್ಲಿಷ್ ಜೊತೆಗೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಿತು. ಘಟಕಗಳೂ ಪಡೆಗಳೂ ತಾವೇ ನಡೆಸುವ ಪರೀಕ್ಷೆಗಳು ಸಾಮಾನ್ಯವಾಗಿ ಹಿಂದಿ ಮತ್ತು ಇಂಗ್ಲಿಷಿಗೆ ಸೀಮಿತವಾಗಿವೆ. ಒಂದೇ ದರ್ಜೆಯ, ಒಂದೇ ವೇತನದ ಎರಡು ಹುದ್ದೆಗಳಲ್ಲಿ ಒಂದನ್ನು ಆಯೋಗ ತುಂಬಿದರೆ ಕನ್ನಡದ ಅಭ್ಯರ್ಥಿ ತನ್ನ ಭಾಷೆಯಲ್ಲಿ ಬರೆಯಬಹುದು, ಇನ್ನೊಂದನ್ನು ಘಟಕ ತುಂಬಿದರೆ ಬರೆಯಲಾಗದು. ಇದಕ್ಕೆ ಹುದ್ದೆಯ ಸ್ವರೂಪ ಕಾರಣವಲ್ಲ, ಕೆಳಹಂತದ ನೇಮಕದ ಅಧಿಕಾರ ಚದುರಿರುವುದೇ ಕಾರಣ. ಕೇಂದ್ರದ ಕೆಳಹಂತದ ಹುದ್ದೆಗಳಿಗೆಲ್ಲ ಒಂದೇ ಅರ್ಹತಾ ಪರೀಕ್ಷೆ ನಡೆಸುವ ರಾಷ್ಟ್ರೀಯ ನೇಮಕಾತಿ ಸಂಸ್ಥೆಗೆ ಸಚಿವ ಸಂಪುಟ 2020ರ ಆಗಸ್ಟ್‌ನಲ್ಲಿಯೇ ಒಪ್ಪಿಗೆ ಕೊಟ್ಟಿತ್ತು. ಆ ಯೋಜನೆ ರೂಢಿಗೆ ಬಂದಿದ್ದರೆ ಈ ಅಸಮಾನತೆ ಸಾಕಷ್ಟು ಕಡಿಮೆಯಾಗುತ್ತಿತ್ತು.

ನೆಲೆ ಇರುವ ಊರಿನವರಿಗೆ ಆದ್ಯತೆ ಕೊಡಿ ಎಂಬ ಬೇಡಿಕೆ ಸೀಬರ್ಡ್ ನೌಕಾನೆಲೆ ಯೋಜನೆಗೆ ಭೂಮಿ ಬಿಟ್ಟುಕೊಟ್ಟ ಕಾರವಾರದಂಥ ಕಡೆಗಳಲ್ಲಿ ಸಹಜವಾಗಿಯೇ ಕೇಳಿಬರುತ್ತದೆ. ಸಂವಿಧಾನದ 16ನೇ ವಿಧಿ ವಾಸಸ್ಥಳದ ಆಧಾರದ ಮೇಲೆ ಸರ್ಕಾರಿ ನೌಕರಿಯಲ್ಲಿ ತಾರತಮ್ಯ ಮಾಡುವುದನ್ನು ತಡೆಯುತ್ತದೆ, ಅದಕ್ಕೆ ವಿನಾಯಿತಿ ಕೊಡುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಹಾಗಾಗಿ ಘಟಕದ ಕಮಾಂಡರ್ ಮನಸ್ಸು ಮಾಡಿದರೂ ಈ ಬೇಡಿಕೆಯನ್ನು ಈಡೇರಿಸಲಾರರು.

ಸಂಬಳ ಮತ್ತು ಬಡ್ತಿಯ ಏಣಿ

ಸಂಬಳದಲ್ಲಿ ಗುಟ್ಟೇನಿಲ್ಲ. ಏಳನೇ ವೇತನ ಆಯೋಗದ ಪಟ್ಟಿಯಂತೆ ಟ್ರೇಡ್ಸ್‌ಮನ್ ಮೇಟ್‌ಗೆ ಒಂದನೇ ಹಂತದ 18,000 ರೂಪಾಯಿ, ಕಿರಿಯ ಗುಮಾಸ್ತರಿಗೆ 19,900, ಚಾರ್ಜ್‌ಮನ್ (ಕಾರ್ಯಾಗಾರದ ಮೇಲ್ವಿಚಾರಕ) ಮತ್ತು ಜೆಇಗೆ ಆರನೇ ಹಂತದ 35,400, ಗ್ರೂಪ್ ಎ ಅಧಿಕಾರಿಗೆ 56,100 ರೂಪಾಯಿ ಆರಂಭದ ಮೂಲ ವೇತನ. ಇದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ಎಂಟನೇ ವೇತನ ಆಯೋಗದ ಶಿಫಾರಸುಗಳು ಈ ಅಂಕಿಗಳನ್ನು ಬದಲಿಸುತ್ತವೆ, ಆದರೆ ಹಂತಗಳ ನಡುವಿನ ಅಂತರವೇ ಈ ನೌಕರಿಯ ನಿಜವಾದ ಕಥೆ.

ಟ್ರೇಡ್ಸ್‌ಮನ್ ಮೇಟ್ ಆಗಿ ಸೇರಿದವರು ಸ್ಕಿಲ್ಡ್ ಆಗಿ, ಹೈಲಿ ಸ್ಕಿಲ್ಡ್ ಎರಡು ಮತ್ತು ಒಂದನೇ ದರ್ಜೆ ದಾಟಿ, ಮಾಸ್ಟರ್ ಕ್ರಾಫ್ಟ್ಸ್‌ಮನ್ ಆಗುವಾಗ ಆರನೇ ಹಂತ ಮುಟ್ಟುತ್ತಾರೆ. ಹೊರಗಿನಿಂದ ಡಿಪ್ಲೊಮಾ ಅಥವಾ ವಿಜ್ಞಾನ ಪದವಿ ಹಿಡಿದು ಬರುವ ಚಾರ್ಜ್‌ಮನ್ ಸೇರುವುದೇ ಆ ಹಂತದಲ್ಲಿ. ಒಬ್ಬರ ಇಡೀ ಸೇವೆಯ ತುದಿ ಇನ್ನೊಬ್ಬರ ಮೊದಲ ದಿನ. ಈ ದೂರವನ್ನು ಬೇಗ ದಾಟಲು ಇರುವ ದಾರಿ ಇಲಾಖಾ ಸ್ಪರ್ಧಾತ್ಮಕ ಪರೀಕ್ಷೆ, ಅದೂ ಖಾಲಿ ಹುದ್ದೆ ಇದ್ದಾಗ ಮಾತ್ರ. ಬಡ್ತಿ ಸಿಗದೆ ಕೂತವರಿಗೆ 2008ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಎಂಎಸಿಪಿ ಯೋಜನೆಯಡಿ 10, 20 ಮತ್ತು 30 ವರ್ಷಕ್ಕೆ ಒಂದೊಂದು ವೇತನ ಹಂತ ಏರುತ್ತದೆ. ಪದನಾಮವೂ ಅಧಿಕಾರವೂ ಇದ್ದಲ್ಲೇ ಇರುತ್ತವೆ. ಅಧಿಕಾರಿಗಳಿಗೂ ಏಣಿಗೊಂದು ಛಾವಣಿ ಅಡ್ಡ ಬರುತ್ತದೆ. ಎಂಇಎಸ್‌ನಲ್ಲಿ ನಾಗರಿಕ ಎಂಜಿನಿಯರುಗಳ ದೊಡ್ಡ ಪಡೆಯಿದ್ದರೂ ಅದರ ನೆತ್ತಿಯ ಮೇಲಿರುವ ಎಂಜಿನಿಯರ್-ಇನ್-ಚೀಫ್ ಹುದ್ದೆ ಸೇನೆಯ ಲೆಫ್ಟಿನೆಂಟ್ ಜನರಲ್‌ಗೆ ಮೀಸಲು.

ಪಿಂಚಣಿಯಲ್ಲಿ ಒಡೆದ ದಾರಿ

2004ರ ಜನವರಿ 1ರ ಬಳಿಕ ಕೇಂದ್ರ ಸರ್ಕಾರಕ್ಕೆ ಸೇರಿದವರಿಗೆ ವಂತಿಗೆ ಆಧಾರಿತ, ನಿಶ್ಚಿತ ಮೊತ್ತದ ಖಾತ್ರಿಯಿಲ್ಲದ ಹೊಸ ಪಿಂಚಣಿ ವ್ಯವಸ್ಥೆ ಅನ್ವಯಿಸುತ್ತದೆ, ಸಶಸ್ತ್ರ ಪಡೆಗಳಿಗೆ ಮಾತ್ರ ವಿನಾಯಿತಿ. ಯೋಧರು ಮೂವತ್ತೈದು, ನಲವತ್ತರ ಪ್ರಾಯದಲ್ಲೇ ನಿವೃತ್ತರಾಗುತ್ತಾರೆ, ನಾಗರಿಕ ನೌಕರರು 60ರವರೆಗೆ ಸಂಬಳ ಪಡೆಯುತ್ತಾರೆ ಎಂಬುದು ಈ ಭೇದಕ್ಕಿರುವ ಸಮರ್ಥನೆ. ತರ್ಕವಾಗಿ ಅದನ್ನು ಒಪ್ಪಬಹುದು. ಆದರೆ ಡಾಕ್‌ಯಾರ್ಡಿನ ಹಡಗಿನ ಹೊಟ್ಟೆಯೊಳಗೆ ವೆಲ್ಡಿಂಗ್ ಮಾಡುವ ಕೆಲಸಗಾರ ತನ್ನ ಕೆಲಸದ ಅಪಾಯವನ್ನು ಕಚೇರಿಯ ಗುಮಾಸ್ತರ ಜೊತೆಗಲ್ಲ, ಪಕ್ಕದಲ್ಲೇ ನಿಂತ ನಾವಿಕನ ಜೊತೆಗೆ ಹೋಲಿಸಿಕೊಳ್ಳುತ್ತಾನೆ. ರಕ್ಷಣಾ ನೌಕರರ ಒಕ್ಕೂಟಗಳು ಹಳೆಯ ಪಿಂಚಣಿಗಾಗಿ ಪಟ್ಟು ಹಿಡಿದಿರುವುದರ ಹಿಂದೆ ಈ ಹೋಲಿಕೆಯೂ ಇದೆ.

2025ರ ಏಪ್ರಿಲ್ 1ರಂದು ಬಂದ ಏಕೀಕೃತ ಪಿಂಚಣಿ ಯೋಜನೆ ಇವೆರಡರ ನಡುವಿನ ಹಾದಿ. 25 ವರ್ಷ ಸೇವೆ ಮಾಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಪಿಂಚಣಿ, 10 ವರ್ಷ ಪೂರೈಸಿದವರಿಗೆ ಕನಿಷ್ಠ 10,000 ರೂಪಾಯಿ ಖಾತ್ರಿ. ನೌಕರರು ತಮ್ಮ ಪಾಲಿನ ಶೇ 10 ಕಟ್ಟಲೇಬೇಕು. ಮೂವತ್ತು ದಾಟಿ ಸೇರುವವರೂ 60ರೊಳಗೆ 25 ವರ್ಷ ಮುಟ್ಟಬಹುದು, ನಲವತ್ತರ ಹತ್ತಿರ ಮರುನೇಮಕವಾಗುವ ಮಾಜಿ ಯೋಧರಿಗೆ ಪೂರ್ತಿ ಅರ್ಧ ಸಿಗುವುದಿಲ್ಲ. ಯೋಧರಿಗೆ ತಿಂಗಳಿಗೆ 5,200 ರೂಪಾಯಿಯಂತೆ ಸಿಗುವ ಮಿಲಿಟರಿ ಸೇವಾ ವೇತನ ನಾಗರಿಕರಿಗಿಲ್ಲ. ವೈದ್ಯಕೀಯ ನೆರವೂ ಮಾಜಿ ಸೈನಿಕರ ಇಸಿಎಚ್‌ಎಸ್ ಮೂಲಕ ಬರುವುದಿಲ್ಲ, ಕೇಂದ್ರ ನೌಕರರ ನಿಯಮಗಳ ಪ್ರಕಾರ ಬರುತ್ತದೆ.

ಕಟ್ಟುಪಾಡು ಸೇನೆಯದು, ಸವಲತ್ತು ನಾಗರಿಕರದು

ಅರ್ಜಿ ಹಾಕುವವರು ಅಷ್ಟಾಗಿ ಗಮನಿಸದ ಭಾಗ ಇದು. ಸಾಮಾನ್ಯ ಸರ್ಕಾರಿ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ ಸಂವಿಧಾನದ 311ನೇ ವಿಧಿ ಕಾಪಾಡುತ್ತದೆ. ಆ ವಿಧಿಯ ರಕ್ಷಣೆ 'ನಾಗರಿಕ ಹುದ್ದೆ' ಹೊಂದಿದವರಿಗೆ. 310ನೇ ವಿಧಿಯಾದರೋ 'ರಕ್ಷಣೆಗೆ ಸಂಬಂಧಿಸಿದ ಹುದ್ದೆ'ಯನ್ನು ಬೇರೆಯಾಗಿ ಹೆಸರಿಸಿ, ಅದನ್ನು ರಾಷ್ಟ್ರಪತಿಯವರ ಇಷ್ಟ ಇರುವವರೆಗಿನ ಹುದ್ದೆ ಎನ್ನುತ್ತದೆ. ಈ ಎರಡನ್ನೂ ಸೇರಿಸಿ ಓದಿದ ಸುಪ್ರೀಂ ಕೋರ್ಟ್, ರಕ್ಷಣಾ ವೆಚ್ಚದಿಂದ ಸಂಬಳ ಪಡೆಯುವ ನಾಗರಿಕ ನೌಕರರು 311ರ ರಕ್ಷಣೆ ಕೇಳಲಾಗದು ಎಂದು 1971ರ ಖುರಾನಾ ಪ್ರಕರಣದಲ್ಲಿಯೂ 1989ರ ಸುಬ್ರಮಣಿಯನ್ ಪ್ರಕರಣದಲ್ಲಿಯೂ ಹೇಳಿದೆ. ಹಾಗೆಂದು ಮೇಲಧಿಕಾರಿ ಮನಬಂದಂತೆ ಮನೆಗೆ ಕಳಿಸಬಹುದು ಎಂದಲ್ಲ. 1965ರ ಕೇಂದ್ರ ನಾಗರಿಕ ಸೇವಾ ಶಿಸ್ತು ನಿಯಮಗಳು ಇವರಿಗೂ ಅನ್ವಯಿಸುವುದರಿಂದ ದಿನನಿತ್ಯದ ವ್ಯವಹಾರದಲ್ಲಿ ಆರೋಪಪಟ್ಟಿ, ವಿಚಾರಣೆ, ಮೇಲ್ಮನವಿ ಎಲ್ಲವೂ ಇವೆ. ಸಂವಿಧಾನದ ಮಟ್ಟದಲ್ಲಿ ಇರಬೇಕಾದ ತಳಪಾಯ ಮಾತ್ರ ಇಲ್ಲ.

ಸಂಘ ಕಟ್ಟುವ ಹಕ್ಕಿನಲ್ಲೂ ಇದೇ ಇಬ್ಬಗೆ. ಸೇನಾ ಘಟಕಗಳ ಅಡುಗೆಯವರು, ಕ್ಷೌರಿಕರು, ಕಾವಲುಗಾರರು, ಬಡಗಿಗಳು ಸಂಘ ಕಟ್ಟಲು ಹೊರಟಾಗ 1976ರಲ್ಲಿ ಸುಪ್ರೀಂ ಕೋರ್ಟ್ ಅವರ ವಾದವನ್ನು ಒಪ್ಪಲಿಲ್ಲ. ಪಡೆ ಶಿಬಿರ ಹೂಡಿದಾಗ, ಮುನ್ನಡೆದಾಗ ಅದರ ಜೊತೆ ಹೋಗಬೇಕಾದವರು, ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅವಕಾಶ ಕೊಡುವ ಸಂವಿಧಾನದ 33ನೇ ವಿಧಿಯ ಮಟ್ಟಿಗೆ ಸಶಸ್ತ್ರ ಪಡೆಯವರೇ ಎಂಬುದು ತೀರ್ಪಿನ ತಿರುಳು. ಕಾರ್ಖಾನೆ ಮತ್ತು ಡಾಕ್‌ಯಾರ್ಡ್‌ಗಳಲ್ಲಾದರೆ ಬಲವಾದ ಸಂಘಗಳಿವೆ. ಆದರೆ ಆರ್ಡ್‌ನನ್ಸ್ ಕಾರ್ಖಾನೆಗಳನ್ನು ಕಂಪನಿಗಳನ್ನಾಗಿ ಮಾಡುವುದನ್ನು ವಿರೋಧಿಸಿ ಮುಷ್ಕರಕ್ಕೆ ಸಿದ್ಧವಾದಾಗ, 2021ರ ಅಗತ್ಯ ರಕ್ಷಣಾ ಸೇವೆಗಳ ಕಾಯ್ದೆ ಅವರ ಕೈ ಕಟ್ಟಿತು.

ಹೀಗೆ ಹುದ್ದೆಯ ಹೆಸರಿನಲ್ಲಿರುವ 'ಸೇನೆ' ಎಂಬ ಪದ ನಿರ್ಬಂಧದ ವಿಷಯ ಬಂದಾಗ ಕೆಲಸ ಮಾಡುತ್ತದೆ, ಪಿಂಚಣಿಯ ವಿಷಯ ಬಂದಾಗ ಸುಮ್ಮನಾಗುತ್ತದೆ. ಅರ್ಜಿದಾರರು ಎರಡೂ ಕಡೆಯ ಲೆಕ್ಕ ಹಾಕದಿದ್ದರೆ, ಸೇರಿ ಹತ್ತು ವರ್ಷವಾದ ಮೇಲೆ ಬೇಸರಪಡುವುದು ಖಂಡಿತ.

ಕುಗ್ಗುತ್ತಿರುವ ಹುದ್ದೆಗಳ ಮೇಲೆ ಹೆಚ್ಚುತ್ತಿರುವ ಪಾಲು

ಸರ್ಕಾರದ ನೋಟ ಬೇರೆ. ಹೋರಾಡುವ ಪಡೆಗೆ ಹೆಚ್ಚು, ಹಿಂಬದಿಯ ವ್ಯವಸ್ಥೆಗೆ ಕಡಿಮೆ ಖರ್ಚಾಗಬೇಕು ಎಂಬುದು ರಕ್ಷಣಾ ವೆಚ್ಚದ ಸಮತೋಲನ ಕುರಿತ ಶೇಕಟ್ಕರ್ ಸಮಿತಿಯ ಶಿಫಾರಸುಗಳ ಹಿಂದಿದ್ದ ಯೋಚನೆ. ಅದರಂತೆ ಸೇನೆಯ ಹೈನು ಫಾರ್ಮ್‌ಗಳನ್ನು ಮುಚ್ಚಲಾಯಿತು. 2020ರ ಮೇ ತಿಂಗಳಲ್ಲಿ ಎಂಇಎಸ್‌ನ ಮೂಲ ಮತ್ತು ಕೈಗಾರಿಕಾ ಸಿಬ್ಬಂದಿಯ 13,157 ಖಾಲಿ ಹುದ್ದೆಗಳಲ್ಲಿ 9,304 ಹುದ್ದೆಗಳನ್ನು ರದ್ದು ಮಾಡಲು ಒಪ್ಪಿಗೆ ಸಿಕ್ಕಿತು. ಆ ಕೆಲಸಗಳ ಒಂದು ಭಾಗ ಹೊರಗುತ್ತಿಗೆಗೆ ಹೋಗುತ್ತದೆ, ಹೊರಗುತ್ತಿಗೆಯ ಕೆಲಸಕ್ಕೆ ಮೀಸಲಾತಿಯ ರೋಸ್ಟರ್ (ಯಾವ ಸರದಿಯ ಹುದ್ದೆ ಯಾವ ವರ್ಗಕ್ಕೆ ಎಂಬ ಪಟ್ಟಿ) ಇರುವುದಿಲ್ಲ. ಅಗ್ನಿವೀರರಿಗೆ ಭರವಸೆ ಕೊಟ್ಟ ಹುದ್ದೆಗಳು ಮತ್ತು ಉಳಿತಾಯಕ್ಕಾಗಿ ಕಡಿತಗೊಳ್ಳುತ್ತಿರುವ ಹುದ್ದೆಗಳು ಬಹುಮಟ್ಟಿಗೆ ಒಂದೇ ಎಂಬುದನ್ನು ಇಲ್ಲಿ ಗಮನಿಸಬೇಕು.

ಈಗಿನ ನಿಯಮದಂತೆ ಮಾಜಿ ಸೈನಿಕರಿಗೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಹಿಂದೆ ಗ್ರೂಪ್ ಡಿ ಎನ್ನುತ್ತಿದ್ದ ಒಂದನೇ ಹಂತದ ಹುದ್ದೆಗಳಲ್ಲಿ ಶೇ 20 ಮೀಸಲು ಇದೆ. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರರಿಗೆ 'ಮಾಜಿ ಸೈನಿಕ' ಎಂಬ ಸ್ಥಾನವಿಲ್ಲದ ಕಾರಣ ಅವರ ಶೇ 10 ಇದಕ್ಕೆ ಸೇರ್ಪಡೆ. ಅಂದರೆ ಟ್ರೇಡ್ಸ್‌ಮನ್ ಮೇಟ್‌ನಂಥ ನೂರು ಹುದ್ದೆಗಳಲ್ಲಿ ಮೂವತ್ತು ಈ ಎರಡು ವರ್ಗಗಳಿಗೆ ಹೋಗಬಹುದು. ಇದು ಸಮತಲ ಮೀಸಲಾತಿ. ಆಯ್ಕೆಯಾದವರು ತಮ್ಮ ತಮ್ಮ ಸಾಮಾನ್ಯ, ಹಿಂದುಳಿದ, ಪರಿಶಿಷ್ಟ ವರ್ಗಗಳ ಪಾಲಿನೊಳಗೇ ಎಣಿಕೆಯಾಗುತ್ತಾರೆ. ಹಾಗಾಗಿ ಜಾತಿವಾರು ಪ್ರಮಾಣ ಬದಲಾಗುವುದಿಲ್ಲ, ಪ್ರತಿ ವರ್ಗದೊಳಗೆ ಸೇನೆಗೆ ಹೋಗದ ಅಭ್ಯರ್ಥಿಗಳಿಗೆ ಉಳಿಯುವ ಜಾಗ ಕಿರಿದಾಗುತ್ತದೆ.

ಅಗ್ನಿವೀರರ ಪರ ಇರುವ ವಾದ ಗಟ್ಟಿಯಾಗಿದೆ. ಅವರು ತರಬೇತಿ ಪಡೆದವರು, ಹಿನ್ನೆಲೆ ಪರಿಶೀಲನೆ ಆದವರು, ಪಡೆಯ ರೀತಿರಿವಾಜು ಬಲ್ಲವರು. ಎದುರು ವಾದವೂ ಹಗುರವಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಕೆಲಸಕ್ಕೆ ಬೇಕಾದದ್ದು ಐಟಿಐಯಲ್ಲಿ ಕಲಿತ ಕೈಚಳಕ, ಪದಾತಿ ದಳದ ನಾಲ್ಕು ವರ್ಷ ಅದಕ್ಕೆ ಬದಲಿಯಾಗದು. ವಯಸ್ಸಿನ ತೊಡಕೂ ಇದೆ. 21ಕ್ಕೆ ಅಗ್ನಿವೀರರಾದವರು 25ಕ್ಕೆ ಹೊರಬರುವಾಗ ಅನೇಕ ಗ್ರೂಪ್ ಸಿ ಹುದ್ದೆಗಳ ಸಾಮಾನ್ಯ ವಯೋಮಿತಿಯ ಅಂಚಿನಲ್ಲಿರುತ್ತಾರೆ. ಸಡಿಲಿಕೆ ಸಿಗದಿದ್ದರೆ ಮೀಸಲಾತಿ ಕಾಗದದ ಮೇಲೆಯೇ ಉಳಿಯುತ್ತದೆ.

ಇನ್ನು ಪ್ರಮಾಣದ ಪ್ರಶ್ನೆ. ಮೊದಲ ವರ್ಷದ ನೇಮಕದ ಗುರಿ 46,000. ಶೇ 25ರಷ್ಟು ಮಂದಿಯನ್ನು ಉಳಿಸಿಕೊಂಡರೆ ಆ ಗುರಿಯ ಲೆಕ್ಕದಲ್ಲಿ ಸುಮಾರು 34,500 ಮಂದಿ ಹೊರಬರುತ್ತಾರೆ. 2023ರ ಇನ್ಸೆಟ್‌ನಷ್ಟು ದೊಡ್ಡ ಅಧಿಸೂಚನೆಯ 910 ಹುದ್ದೆಗಳಲ್ಲಿ ಶೇ 10 ಎಂದರೆ 91. ಮೂರೂ ಪಡೆಗಳ ಎಲ್ಲ ಅಧಿಸೂಚನೆಗಳನ್ನು ಒಟ್ಟುಗೂಡಿಸಿದರೂ ಈ ಹುದ್ದೆಗಳು ಹೊರಬರುವವರ ಸಣ್ಣ ಪಾಲಿಗೆ ಮಾತ್ರ ಸಾಕಾಗುತ್ತವೆ. ಆದ್ದರಿಂದ 'ಅಗ್ನಿವೀರರಿಗೆಲ್ಲ ನೌಕರಿ' ಎಂಬ ಮಾತೂ 'ನಾಗರಿಕ ಅಭ್ಯರ್ಥಿಗಳಿಗೆ ಇನ್ನೇನೂ ಉಳಿಯದು' ಎಂಬ ಭಯವೂ ಉತ್ಪ್ರೇಕ್ಷೆಯೇ. ಮಾಜಿ ಸೈನಿಕರ ಕೋಟಾದಲ್ಲಿ ಅರ್ಹರು ಸಿಗದಿದ್ದರೆ ಆ ಹುದ್ದೆ ಮುಂದಿನ ಸಾಲಿಗೆ ಉಳಿಯುವುದಿಲ್ಲ, ಇತರರಿಂದ ಭರ್ತಿಯಾಗುತ್ತದೆ. ಅಗ್ನಿವೀರರ ಕೋಟಾಕ್ಕೂ ಇದೇ ನಿಯಮವೋ ಅಲ್ಲವೋ ಎಂಬುದರ ಮೇಲೆ ಎರಡೂ ಕಡೆಯ ಲಾಭ ನಷ್ಟ ನಿಂತಿದೆ.

ಅಧಿಸೂಚನೆಯಲ್ಲಿ ಹುಡುಕಬೇಕಾದ ಅಂಕಣ

ಪತ್ರಿಕಾ ಪ್ರಕಟಣೆ ತಾನೇ ತಾನಾಗಿ ಮೀಸಲಾತಿಯಾಗುವುದಿಲ್ಲ. ಪ್ರತಿ ಬಗೆಯ ಹುದ್ದೆಗೂ ಸಂವಿಧಾನದ 309ನೇ ವಿಧಿಯಡಿ ರೂಪಿಸಿದ ನೇಮಕಾತಿ ನಿಯಮಗಳಿವೆ, ಅವುಗಳನ್ನು ತಿದ್ದುವುದಾಗಿ ಸಚಿವಾಲಯವೇ 2022ರಲ್ಲಿ ಹೇಳಿತ್ತು. ಕೋರ್, ಕಮಾಂಡ್, ಇಲಾಖೆಗಳ ಪ್ರಕಾರ ಹರಡಿರುವ ನಿಯಮಗಳನ್ನೆಲ್ಲ ತಿದ್ದುವುದು ನಿಧಾನದ ಕೆಲಸ. ಬೆರಳೆಣಿಕೆಯ ಹುದ್ದೆ ಕರೆಯುವ ಘಟಕದಲ್ಲಿ ಶೇ 10 ಎಂದರೆ ಒಂದು ಹುದ್ದೆಯೂ ಆಗದ ಕಾರಣ, ಯಾವ ಸಲದ ನೇಮಕದಲ್ಲಿ ಅಗ್ನಿವೀರರ ಸರದಿ ಬರುತ್ತದೆ ಎಂಬುದು ರೋಸ್ಟರ್ ಪುಸ್ತಕ ಬಲ್ಲವರಿಗಷ್ಟೇ ಗೊತ್ತಿರುತ್ತದೆ. ನೌಕಾಪಡೆಯಂತೆ ಹುದ್ದೆಗಳನ್ನು ಒಟ್ಟುಗೂಡಿಸಿ ಪರೀಕ್ಷೆ ನಡೆಸಿದರೆ ಈ ಲೆಕ್ಕವಾದರೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಅಭ್ಯರ್ಥಿಗಳು ಇನ್ನು ಮುಂದೆ ಹುದ್ದೆಪಟ್ಟಿಯಲ್ಲಿ ಮಾಜಿ ಸೈನಿಕರ ಅಂಕಣದ ಪಕ್ಕದಲ್ಲಿ ಅಗ್ನಿವೀರರ ಅಂಕಣವಿದೆಯೇ, ಅವರಿಗೆ ವಯೋಮಿತಿ ಎಷ್ಟು ಎಂದು ನೋಡಬೇಕಾಗುತ್ತದೆ. ಮೊದಲ ತಂಡ ಹೊರಬಂದ ಬಳಿಕವೂ ಆ ಅಂಕಣವಿಲ್ಲದೆ ಅಧಿಸೂಚನೆ ಹೊರಟರೆ ತಕರಾರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗುತ್ತದೆ. ಸಮವಸ್ತ್ರದಲ್ಲಿದ್ದಾಗಿನ ಸೇವಾ ತಕರಾರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯದು, ನಾಗರಿಕರು ತುಂಬುವ ರಕ್ಷಣಾ ಹುದ್ದೆಗಳ ನೇಮಕದ ತಕರಾರು 1985ರ ಕಾಯ್ದೆಯಂತೆ ಆಡಳಿತ ನ್ಯಾಯಮಂಡಳಿಯದು. ಅಲ್ಲಿ ತಡೆಯಾಜ್ಞೆ ಸಿಕ್ಕರೆ ಆ ನೇಮಕ ಅಗ್ನಿವೀರರಿಗೂ ಇತರರಿಗೂ ಒಟ್ಟಿಗೇ ನಿಂತುಹೋಗುತ್ತದೆ, ಅಷ್ಟರಲ್ಲಿ ಇಬ್ಬರ ವಯಸ್ಸೂ ಮಿತಿ ದಾಟುತ್ತಿರುತ್ತದೆ.